ಅಡುಗೆ ಕಲಿಯಬೇಕು, ಯಾವುದರಿಂದ ಶುರು ಮಾಡಲಿ?

ಕೆಲಸ ಸಿಕ್ಕಿ ಮೊದಲ ಸಲ ಬಾಡಿಗೆ ಮನೆ ಮಾಡಿದ ಹುಡುಗರು, ಹುಡುಗಿಯರು ನನ್ನನ್ನು ಕೇಳುವುದು ಇದೊಂದೇ: "ಅಕ್ಕಾ, ಅಡುಗೆ ಅಂದ್ರೆ ಭಯ. ಮೊದಲು ಯಾವ ತಿಂಡಿ ಕಲೀಲಿ?"

ತಿಂಡಿ ಆಮೇಲೆ. ಮೊದಲು ಒಗ್ಗರಣೆ ಹಾಕುವುದನ್ನು ಕಲಿಯಿರಿ. ಚಿತ್ರಾನ್ನ, ಪಲ್ಯ, ಸಾರು, ಕೋಸಂಬರಿ, ಮೊಸರನ್ನ, ಯಾವುದಕ್ಕೂ ಅದು ಬೇಕು. ಅಡುಗೆಮನೆಯ ಭಯವೆಲ್ಲ ಬಹುಪಾಲು ಉರಿ ಮತ್ತು ಕಾದ ಎಣ್ಣೆಯ ಭಯವೇ. ಅದು ಹೋಗುವುದೂ ಇಲ್ಲೇ.

ದಪ್ಪ ತಳದ ಸಣ್ಣ ಬಾಣಲೆಗೆ ಎರಡು ಚಮಚ ಎಣ್ಣೆ ಹಾಕಿ, ಉರಿ ಮಧ್ಯಮಕ್ಕಿಡಿ. ನಾಲ್ಕು ಕಾಳು ಸಾಸಿವೆ ಹಾಕಿ ನೋಡಿ. ತೆಪ್ಪಗೆ ತಳದಲ್ಲಿ ಕೂತರೆ ಎಣ್ಣೆ ಇನ್ನೂ ಕಾದಿಲ್ಲ. ಸುತ್ತ ಗುಳ್ಳೆ ಎದ್ದು ಚಟ್ ಅಂದರೆ ಉಳಿದದ್ದನ್ನೂ ಹಾಕಿ. ಕಾಳಿನೊಳಗಿನ ತೇವ ಆವಿಯಾಗಿ ಸಿಪ್ಪೆ ಒಡೆಯುವ ಸದ್ದು ಅದು. ಎಣ್ಣೆ ಹೊಗೆಯಾಡುವಷ್ಟು ಕಾದರೆ ಮಾತ್ರ ಸಾಸಿವೆ ಸೀದು ಕಹಿಯಾಗುತ್ತದೆ. ಚಟಪಟ ಕಡಿಮೆಯಾಗುತ್ತಿದ್ದಂತೆ ಕಡಲೆಬೇಳೆ, ಅದು ಬಣ್ಣ ತಿರುಗಲು ಶುರುವಾದಾಗ ಉದ್ದಿನಬೇಳೆ, ಆಮೇಲೆ ಒಣಮೆಣಸಿನಕಾಯಿ, ಕರಿಬೇವು, ಚಿಟಿಕೆ ಇಂಗು. ಕರಿಬೇವನ್ನು ತೊಳೆದು ಬಟ್ಟೆಯಲ್ಲಿ ಒರೆಸಿಯೇ ಹಾಕಿ, ಇಲ್ಲದಿದ್ದರೆ ಕೈಗೆ ಸಿಡಿಯುತ್ತದೆ. ಬೇಳೆ ನಿಮಗೆ ಬೇಕಾದ ಬಣ್ಣಕ್ಕಿಂತ ಸ್ವಲ್ಪ ಮೊದಲೇ ಬಾಣಲೆ ಇಳಿಸಿ. ಒಲೆ ಆರಿಸಿದ ಮೇಲೂ ಬಿಸಿ ತಳದಲ್ಲಿ ಅದು ಹುರಿಯುತ್ತಲೇ ಇರುತ್ತದೆ. ಅರಿಶಿನ ಬೇಕಿದ್ದರೆ ಕೊನೆಗೆ.

ಗಾಬರಿಯಾದರೆ ಬಾಣಲೆ ಎತ್ತಿ ಪಕ್ಕಕ್ಕಿಡಿ. ಗ್ಯಾಸಿನ ಗುಂಡಿ ಹುಡುಕುತ್ತಾ ಕೂರುವುದಕ್ಕಿಂತ ಅದು ಬೇಗ ಆಗುವ ಕೆಲಸ.

ಈರುಳ್ಳಿ ಹೆಚ್ಚುವುದು ಅಷ್ಟು ಕಷ್ಟವಲ್ಲ. ಅರ್ಧ ಸೀಳಿ ಮಟ್ಟಸವಾದ ಮೈಯನ್ನು ಮಣೆಗೆ ಇಡಿ, ಬೆರಳ ತುದಿ ಒಳಕ್ಕೆ ಮಡಚಿ ಹಿಡಿಯಿರಿ. ವೇಗ ತಾನಾಗಿ ಬರುತ್ತದೆ.

ಒಗ್ಗರಣೆ ಕೈಗೆ ಹತ್ತಿದ ಮೇಲೆ ಉಪ್ಪಿಟ್ಟು ಮಾಡಿ. ರವೆಯನ್ನು ಘಮ ಬರುವವರೆಗೆ ಹುರಿದಿಡಿ. ಅದೇ ಒಗ್ಗರಣೆಗೆ ಹಸಿಮೆಣಸಿನಕಾಯಿ, ಈರುಳ್ಳಿ ಹಾಕಿ ಬಾಡಿಸಿ, ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು ಹುಯ್ಯಿರಿ. ನೀರು ಕುದಿಯುವಾಗ ಉಪ್ಪು ಹಾಕಿ ರುಚಿ ನೋಡಿ. ಉಪ್ಪು ಒಂದು ಚೂರು ಮುಂದಿರಬೇಕು, ಆಮೇಲೆ ಹುರಿದ ರವೆ ಹಾಕಿ ಕೈಯಾಡಿಸಿ, ಅದು ನೀರು ಹೀರಿಕೊಂಡ ಮೇಲೆ ಉಪ್ಪು ಸರಿಹೋಗುತ್ತದೆ. ಹೀಗೆ ನಡುನಡುವೆ ರುಚಿ ನೋಡುವ ಅಭ್ಯಾಸವನ್ನು ದಯವಿಟ್ಟು ಬಿಡಬೇಡಿ. ಪುಸ್ತಕದ ಅಳತೆಗೆ ನಿಮ್ಮ ಮನೆಯ ಉಪ್ಪು ಎಷ್ಟು ತೀಕ್ಷ್ಣವೆಂದು, ಹುಣಸೆಹಣ್ಣು ಎಷ್ಟು ಹುಳಿಯೆಂದು ಗೊತ್ತಿರುವುದಿಲ್ಲ. ಸಾರು ಹುಳಿಯಾದರೆ ಚೂರು ಬೆಲ್ಲ, ಉಪ್ಪು ಹೆಚ್ಚಾದರೆ ಇನ್ನಷ್ಟು ಬೇಳೆಕಟ್ಟು.

ಇವತ್ತೇ ರಾತ್ರಿ ಮೊಸರನ್ನಕ್ಕೆ ಒಂದು ಒಗ್ಗರಣೆ ಹಾಕಿ ನೋಡಿ.