ಪಕ್ಕದಲ್ಲಿ ಬಂದು ಕುಳಿತ ಬಂಟನ್

ಡಗ್ ನಿಕೋಲ್ಸ್ ಎಂದರೆ ಮೆಲ್ಬರ್ನಿನ ಜನ ಮೊದಲು ಹೇಳುವುದು ಅವರ ಪದವಿಗಳನ್ನು: ಸರ್, ಪಾದ್ರಿ, ರಾಜ್ಯಪಾಲ. ಮಗಳು ಇಲ್ಲಿ ಫುಟಿ, ಅಂದರೆ ಆಸ್ಟ್ರೇಲಿಯಾದ್ದೇ ಆದ ಫುಟ್‌ಬಾಲ್, ಆಡಲು ಶುರುಮಾಡಿದ ಮೇಲೆ ಆ ಆಟದ ಹುಚ್ಚು ಹತ್ತಿಸಿಕೊಂಡಿರುವ ನನಗೆ ಮಾತ್ರ ಅವರು ಮೊದಲು ಆಟಗಾರ, ಅದರಲ್ಲೂ ಹಳ್ಳಿಗಾಡಿನಿಂದ ಬಂದ ಆಟಗಾರ.

ಅವರು ಹುಟ್ಟಿದ್ದು 1906ರಲ್ಲಿ, ಮರ್ರೆ ನದಿಯ ದಡದ ಕಮರಗಂಜದಲ್ಲಿ. ಮೂಲನಿವಾಸಿಗಳನ್ನು ಸರ್ಕಾರ ತನ್ನ ಅಂಕೆಯಲ್ಲಿಟ್ಟಿದ್ದ ನೆಲೆ ಅದು. ಡಗ್ ಎಂಟು ವರ್ಷದವರಿದ್ದಾಗ ಅವರ ಅಕ್ಕ ಹಿಲ್ಡಾಳನ್ನು ಪೊಲೀಸರು ಮನೆಯವರ ಕೈಯಿಂದ ಕಿತ್ತುಕೊಂಡು ಹೋದರು. ಮನೆಗೆಲಸದ ತರಬೇತಿ ಎಂಬುದು ಅದಕ್ಕೆ ಕೊಟ್ಟ ಹೆಸರು.

ಟಾಂಗಾಲಾ ಊರಿನ ತಂಡದಲ್ಲಿ ಆಡಿ ಹೆಸರು ಮಾಡಿದ ಹುಡುಗ 1927ರಲ್ಲಿ ಮೆಲ್ಬರ್ನಿನ ಕಾರ್ಲ್‌ಟನ್ ಕ್ಲಬ್ಬಿಗೆ ಬಂದ. ಆಟಗಾರರ ತೊಡೆ, ಮೀನಖಂಡಗಳನ್ನು ಎಣ್ಣೆ ಹಚ್ಚಿ ತಿಕ್ಕಿ ಹದಗೊಳಿಸಲು ಕ್ಲಬ್ಬುಗಳಲ್ಲಿ ಆಳುಗಳಿರುತ್ತಿದ್ದರು. ಈ ಹುಡುಗನ ಕಪ್ಪು ಮೈಯನ್ನು ತಿಕ್ಕಲು ಅವರು ಒಪ್ಪಲಿಲ್ಲ. ಮುಟ್ಟುವುದಿಲ್ಲ ಎನ್ನುವುದರ ಅರ್ಥವನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಅದು ಇನ್ನೂ ಹೋಗಿಲ್ಲ. ಓದಿದಾಗ ನನ್ನ ಹೊಟ್ಟೆ ಉರಿಯಿತು.

ಡಗ್ ನಾರ್ತ್‌ಕೋಟ್ ತಂಡಕ್ಕೆ ಹೋದರು. 1929ರಲ್ಲಿ ಆ ತಂಡ ಚಾಂಪಿಯನ್ ಆಯಿತು. ಅದೇ ವರ್ಷ ವಾರಕ್ನಬೀಲ್ ಮತ್ತು ನಾಯಾ ಊರುಗಳ ಬಹುಮಾನದ ಓಟಗಳನ್ನೂ ಅವರೇ ಗೆದ್ದರು. ಹೊಟ್ಟೆಪಾಡಿಗೆ ಊರೂರು ಸುತ್ತಿ ಕಾಳಗ ನಡೆಸುತ್ತಿದ್ದ ಜಿಮ್ಮಿ ಶಾರ್ಮನ್ ಅವರ ಡೇರೆಯಲ್ಲಿ ಬಾಕ್ಸಿಂಗ್ ಕೂಡ ಆಡಿದರು. ಎತ್ತರ ಬರೀ 158 ಸೆಂಟಿಮೀಟರ್! ಫುಟಿಯಲ್ಲಿ ಚೆಂಡನ್ನು ನೆಗೆದು ಹಿಡಿಯಬೇಕು, ಎತ್ತರದವರದ್ದೇ ಮೇಲುಗೈ. ಆದರೆ ಮೈದಾನದ ಅಂಚಿನುದ್ದಕ್ಕೂ ಓಡುವ ವಿಂಗ್ ಜಾಗದಲ್ಲಿ ಕಾಲಿನ ವೇಗವೇ ಬಂಡವಾಳ. ಅಲ್ಲಿ ಡಗ್ ಅವರನ್ನು ಹಿಡಿಯುವುದು ಸುಲಭವಿರಲಿಲ್ಲ.

1932ರಲ್ಲಿ ಫಿಟ್ಜ್‌ರಾಯ್ ಕ್ಲಬ್ ಅವರನ್ನು ಸೇರಿಸಿಕೊಂಡಿತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಹೊಸಬ ಒಬ್ಬನೇ ಕೂರುತ್ತಿದ್ದ. ಆಗ ಹೇಡನ್ ಬಂಟನ್ ಎದ್ದು ಬಂದು ಪಕ್ಕದಲ್ಲಿ ಕುಳಿತರು. ಹಿಂದಿನ ವರ್ಷವಷ್ಟೇ ಫುಟಿ ಲೀಗಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಗೆದ್ದಿದ್ದ ಬಂಟನ್ ತಂಡದ ಕಣ್ಮಣಿ. ಅವರೂ ಹಳ್ಳಿಗಾಡಿನ ಕಡೆಯವರೇ, ಅದೇ ಮರ್ರೆ ದಡದ ಆಲ್ಬರಿಯವರು. ತಂಡದ ದೊಡ್ಡ ಆಟಗಾರನೇ ಹೀಗೆ ಮಾಡಿದ ಮೇಲೆ ಉಳಿದವರು ದೂರ ಕೂರುವುದಾದರೂ ಹೇಗೆ? ಡಗ್ ಫಿಟ್ಜ್‌ರಾಯ್ ಪರವಾಗಿ 54 ಪಂದ್ಯ ಆಡಿದರು, 1935ರಲ್ಲಿ ವಿಕ್ಟೋರಿಯಾ ರಾಜ್ಯ ತಂಡಕ್ಕೂ ಆಯ್ಕೆಯಾದರು. ಕಾಲಿನ ಬಲ ಅವರದ್ದೇ, ಅದರಲ್ಲಿ ಅನುಮಾನವಿಲ್ಲ. ಆದರೂ ಬಂಟನ್ ಮಾಡಿದ ಆ ಕೆಲಸವನ್ನು ನಾನು ಅವರ ಪದಕಗಳಿಗಿಂತ ದೊಡ್ಡದೆಂದೇ ಎಣಿಸುತ್ತೇನೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಮೆಲ್ಬರ್ನಿನ ಫಿಟ್ಜ್‌ರಾಯ್ ಬಡಾವಣೆಯಲ್ಲಿ ಪಾದ್ರಿಯಾಗಿ ತಮ್ಮ ಜನರ ನಡುವೆ ದುಡಿದರು, ಹಕ್ಕುಗಳಿಗಾಗಿ ಹೋರಾಡಿದರು. 1972ರಲ್ಲಿ ಸರ್ ಪದವಿ ಬಂತು. 1976ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ರಾಜ್ಯಪಾಲರಾದರು, ಅನಾರೋಗ್ಯದಿಂದ ಕೆಲವೇ ತಿಂಗಳಲ್ಲಿ ಆ ಹುದ್ದೆ ಬಿಟ್ಟರು. 1988ರಲ್ಲಿ ತೀರಿಕೊಂಡಾಗ ಮಣ್ಣು ಮಾಡಿದ್ದು ಕಮರಗಂಜದಲ್ಲೇ.

ಈಗ ಲೀಗಿನಲ್ಲಿ ಪ್ರತಿವರ್ಷ ಅವರ ಹೆಸರಿನಲ್ಲಿ ಪಂದ್ಯಗಳ ಸುತ್ತೊಂದು ನಡೆಯುತ್ತದೆ. ಆಗ ಪಂದ್ಯಕ್ಕೆ ಹೋಗುವ ಕನ್ನಡಿಗರು ಮಕ್ಕಳನ್ನು ಕರೆದುಕೊಂಡು ಮೆಲ್ಬರ್ನಿನ ಪಾರ್ಲಿಮೆಂಟ್ ಗಾರ್ಡನ್ಸ್ ಉದ್ಯಾನದ ಕಡೆಗೂ ಹೋಗಿ ಬನ್ನಿ. ಡಗ್ ಮತ್ತು ಅವರ ಮಡದಿ ಗ್ಲಾಡಿಸ್ ಅವರ ಕಂಚಿನ ಪ್ರತಿಮೆ ಅಲ್ಲಿದೆ. ಬಂಟನ್ ಕಥೆಯನ್ನು ಅಲ್ಲೇ ನಿಂತು ಹೇಳಿ.