ಕಾಸಾಬ್ಲಾಂಕಾದಲ್ಲಿ ತಲೆ ಎತ್ತಿ ನಡೀಬೇಕು

ಮೊರಾಕ್ಕೊಗೆ ಹೊರಟವರಿಗೆಲ್ಲ ಸಿಗುವ ಸಲಹೆ ಒಂದೇ. ಕಾಸಾಬ್ಲಾಂಕಾದಲ್ಲಿ ಇಳೀರಿ, ಹಸನ್ II ಮಸೀದಿ ನೋಡಿ, ಸೀದಾ ಮರಕೇಶ್ ರೈಲು ಹತ್ತಿ. ಬರೀ ಬಂದರು, ಬ್ಯಾಂಕು, ಟ್ರಾಫಿಕ್ಕು, ಅಲ್ಲೇನಿದೆ ನೋಡೋಕೆ ಅಂತಾರೆ. ನಾನಂತೂ ಒಪ್ಪಲ್ಲ. ಈ ಊರಿನ ಚೆಂದ ಇರುವುದು ಅಂಗಡಿ ಬೋರ್ಡುಗಳಿಗಿಂತ ಮೇಲೆ, ಮೊದಲನೇ ಮಹಡಿಯಿಂದ ಮೇಲಕ್ಕೆ.

ಮೊಹಮದ್ V ಬುಲೆವಾರ್ಡ್ ಅನ್ನೋ ಅಗಲ ರಸ್ತೆಯಲ್ಲಿ ಸುಮ್ನೆ ಅಡ್ಡಾಡಿ. ಕೆಳಗೆ ಮೊಬೈಲ್ ಕವರ್ ಮಾರುವ ಅಂಗಡಿ, ಪಕ್ಕದಲ್ಲೇ ಟ್ರಾಮ್. ಕತ್ತೆತ್ತಿದರೆ ದುಂಡಗೆ ತಿರುಗಿದ ಮೂಲೆ, ಬಳ್ಳಿಯಂತೆ ಸುತ್ತಿದ ಕಬ್ಬಿಣದ ಕಟಾಂಜನ, ಸೂರಿನ ಕೆಳಗೆ ಹಸಿರು-ನೀಲಿ ಜೆಲ್ಲಿಜ್ ಹಂಚಿನ (ಹೊಳಪಿನ ಬಣ್ಣದ ಚೂರುಗಳನ್ನು ಜೋಡಿಸಿದ್ದು) ಪಟ್ಟಿ. ಒಂದು ಕಟ್ಟಡದಲ್ಲಿ ಹಂಚು ಅರ್ಧಂಬರ್ಧ ಉದುರಿ ಸಿಮೆಂಟು ಕಾಣುತ್ತಿತ್ತು. ಗಾರೆಯ ಹೂವಿನ ನಟ್ಟನಡುವೆ ಯಾರೋ ರಂಧ್ರ ಕೊರೆದು ಡಿಶ್ ಆಂಟೆನಾ ಕೂರಿಸಿದ್ದರು! ಕೋಪವೂ ಬಂತು, ನಗುವೂ ಬಂತು.

ಇದೆಲ್ಲ ಫ್ರೆಂಚರ ಕಾಲದ್ದು. 1907ರಲ್ಲಿ ಊರಿನ ಮೇಲೆ ಹಡಗುಗಳಿಂದ ಗುಂಡು ಸುರಿಸಿದವರು, 1912ರಲ್ಲಿ ದೇಶದ ಬಹುಭಾಗವನ್ನೇ ಕೈಗೆ ತೆಗೆದುಕೊಂಡರು. ಆಮೇಲೆ ಆನ್ರಿ ಪ್ರಾಸ್ಟ್ ಎಂಬ ಯೋಜಕನನ್ನು ಕರೆಸಿ, ಮದೀನಾ ಅಂದರೆ ಹಳೆ ಊರಿನ ಗೋಡೆಯಾಚೆ ಯುರೋಪಿಯನ್ನರಿಗೆ ಅಗಲ ರಸ್ತೆಗಳ ಹೊಸ ಊರು ಕಟ್ಟಿಸಿದರು. ಮೊರಾಕ್ಕೊದವರಿಗೆ ಹಬೂಸ್ ಅಂತ ಬೇರೆಯೇ ಬಡಾವಣೆ. ಕಮಾನು, ಓಣಿ, ಸೂಕ್ (ಸಂತೆಬೀದಿ) ಎಲ್ಲ ಇದ್ದು ನೂರಾರು ವರ್ಷ ಹಳೆಯದು ಅನ್ನಿಸುತ್ತೆ, ಆದರೆ ನಕ್ಷೆ ಬರೆದವರು ಫ್ರೆಂಚರೇ. ಕಣ್ಣಿಗೆ ತಂಪು ಅಂತ ಹೊಗಳುವಾಗ ಯಾರನ್ನು ಎಲ್ಲಿಡಬೇಕು ಅನ್ನುವ ಲೆಕ್ಕಾಚಾರವೂ ಇದರಲ್ಲಿತ್ತು ಅನ್ನೋದನ್ನ ಮರೆಯೋಕಾಗಲ್ಲ, ಅಲ್ವಾ?

ಸ್ವಾತಂತ್ರ್ಯ ಬಂದ ಮೇಲೆ ಈ ಕಟ್ಟಡಗಳನ್ನು ನಮ್ಮದು ಅಂದುಕೊಳ್ಳಲು ಜನಕ್ಕೆ ಹೊತ್ತು ಹಿಡಿಯಿತು. 1995ರಲ್ಲಿ ಫ್ರೆಂಚ್ ವಾಸ್ತುಶಿಲ್ಪಿ ಮಾರಿಯಸ್ ಬೋಯೆ ವಿನ್ಯಾಸದ ವಿಲ್ಲಾ ಮೊಕ್ರಿಯನ್ನು ಕೆಡವಿದಾಗ ಊರಿನ ವಾಸ್ತುಶಿಲ್ಪಿಗಳು ಸಿಟ್ಟಾಗಿ ಕಾಸಾಮೆಮೊಯಾರ್ ಎಂಬ ಸಂಘ ಕಟ್ಟಿದರು. ಸೆಂಟ್ರಲ್ ಮಾರ್ಕೆಟ್ಟಿನ ಎದುರಿನ ಲಿಂಕನ್ ಹೋಟೆಲನ್ನು (1917ರದ್ದು) ಉಳಿಸಿ ಅಂತ ಇವರು ಎಷ್ಟೋ ವರ್ಷ ಬಡಿದಾಡಿದರು. ಅಷ್ಟರಲ್ಲಿ ಒಳಗೆಲ್ಲ ಕುಸಿದು ಹೆಚ್ಚುಕಡಿಮೆ ಮುಂಭಾಗದ ಗೋಡೆಯಷ್ಟೇ ಉಳಿದಿತ್ತು. ಮಾರ್ಕೆಟ್ಟಿನಲ್ಲಿ ಮೀನು ಆರಿಸಿಕೊಟ್ಟರೆ ಅಲ್ಲೇ ಹುರಿದು ಕೊಡ್ತಾರೆ, ತಪ್ಪಿಸಬೇಡಿ.

ಮಸೀದಿಯ ವಿಷಯ. 1993ರಲ್ಲಿ ಮುಗಿದದ್ದು, ಒಂದು ಭಾಗ ಅಟ್ಲಾಂಟಿಕ್ ಸಮುದ್ರದ ಮೇಲೇ ನಿಂತಿದೆ, ಮಿನಾರ್ ಎತ್ತರ ಸುಮಾರು 200 ಮೀಟರ್, ಒಳಗೆ 25,000 ಜನ ಹಿಡಿಸುತ್ತಾರೆ, ಮೇಲಿನ ಛಾವಣಿ ಸರಿಸಿದರೆ ಆಕಾಶ. ಉಪ್ಪುನೀರಿಗೆ ಕಾಂಕ್ರೀಟ್ ಹಾಳಾಗಿ ಕೆಲವೇ ವರ್ಷಕ್ಕೆ ದೊಡ್ಡ ರಿಪೇರಿ ಮಾಡಬೇಕಾಯಿತು. ಮುಸ್ಲಿಮರಲ್ಲದವರು ನಮಾಜಿನ ಹೊತ್ತು ಬಿಟ್ಟು, ಗೈಡ್ ಜೊತೆಗೇ ಹೋಗಬೇಕು, ಟಿಕೆಟ್ ಇದೆ. ಭವ್ಯ, ಎರಡು ಮಾತಿಲ್ಲ. ಆದರೆ ನನಗೆ ಮತ್ತೆ ಹೋಗಬೇಕು ಅನ್ನಿಸಿದ್ದು ಆ ಬುಲೆವಾರ್ಡಿಗೆ. ಹೋಗುವುದಾದರೆ ಭಾನುವಾರ ಬೆಳಿಗ್ಗೆ ಹೋಗಿ. ಅಂಗಡಿಗಳು ಜಾಸ್ತಿ ತೆರೆದಿರಲ್ಲ, ರಸ್ತೆ ಮಧ್ಯೆ ನಿಂತು ಮೇಲೆ ನೋಡಿದರೂ ಯಾರೂ ಹಾರ್ನ್ ಹೊಡೆಯಲ್ಲ.