ಪಶ್ಚಿಮದ ಗೋಡೆಗೆ ಕಕ್ಕೆ ಮರ ಬೇಡ

ಕರೆಂಟು ಉಳಿಸುವ ಸರ್ಕಾರಿ ಕಚೇರಿ ಎಂದು ಕಟ್ಟಲು ಹೊರಟಾಗ ಗಾಜಿಗೂ ಎ.ಸಿ.ಗೂ ಸೋಲಾರ್ ಪ್ಯಾನೆಲ್‌ಗೂ ಲೆಕ್ಕ ಇರುತ್ತದೆ. ಕಟ್ಟಡಗಳಲ್ಲಿ ಇಂಧನ ಉಳಿಸಲೆಂದೇ ಮಾಡಿದ 2017ರ ಇಸಿಬಿಸಿ ಸಂಹಿತೆ ತೆರೆದರೆ ಗೋಡೆ, ಛಾವಣಿಗಳ ಮೂಲಕ ಎಷ್ಟು ಶಾಖ ಒಳಗೆ ಬರಬಹುದು ಎಂಬುದಕ್ಕೂ ಅಂಕಿ ಸಿಗುತ್ತದೆ. ಸುತ್ತಲಿನ ಜಾಗದ ವಿಷಯಕ್ಕೆ ಬಂದರೆ ಮಾತ್ರ ಉದ್ಘಾಟನೆಗೆ ಎರಡು ತಿಂಗಳಿರುವಾಗ ಲಾನ್ ಹಾಸಿ, ಗೇಟಿನ ಪಕ್ಕ ನಾಲ್ಕು ಪಾಮ್ ನೆಟ್ಟು ಕೈತೊಳೆದುಕೊಳ್ಳುತ್ತಾರೆ. ಪುಣೆಯಂಥ ಊರಲ್ಲಿ ಇದರ ಬೆಲೆ ತೆರುವುದು ಏಪ್ರಿಲ್, ಮೇ ತಿಂಗಳಲ್ಲಿ.

ಮೊದಲು ನೆರಳಿನ ಲೆಕ್ಕ. ಪುಣೆ ಇರುವುದು ಸುಮಾರು 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೇಸಿಗೆಯ ಇಳಿಹೊತ್ತಿನ ಬಿಸಿಲು ನೇರ ಪಶ್ಚಿಮದಿಂದಲ್ಲ, ವಾಯವ್ಯದ ಕಡೆ ವಾಲಿಕೊಂಡು ಬರುತ್ತದೆ. ಜೂನ್ ಕೊನೆಗೆ ಸೂರ್ಯ ಮುಳುಗುವುದು ಪಶ್ಚಿಮದಿಂದ ಉತ್ತರಕ್ಕೆ ಸುಮಾರು 25 ಡಿಗ್ರಿ ಸರಿದು. ಹಾಗಾಗಿ ಮರದ ಸಾಲನ್ನು ಪಶ್ಚಿಮ ಗೋಡೆಯ ಉದ್ದಕ್ಕೆ ನಿಲ್ಲಿಸದೆ ವಾಯವ್ಯ ಮೂಲೆ ದಾಟಿಸಿ ಇನ್ನೆರಡು ಮರ ಮುಂದುವರಿಸಬೇಕು. ನಕ್ಷೆಗಳಲ್ಲಿ ಆ ಮೂಲೆಯಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಕೂತಿರುತ್ತದೆ. ಅದನ್ನು ನಕ್ಷೆಯ ಹಂತದಲ್ಲೇ ಎಬ್ಬಿಸದಿದ್ದರೆ ಆಮೇಲೆ ಎಬ್ಬಿಸುವವರಿಲ್ಲ.

ಇನ್ನು ಯಾವ ಮರ? ಕಕ್ಕೆ ಕಣ್ಣಿಗೆ ಹಬ್ಬ ನಿಜ, ಆದರೆ ಹಳದಿ ಗೊಂಚಲು ಇಳಿಬಿಡುವ ಏಪ್ರಿಲ್-ಮೇನಲ್ಲಿ ಅದರ ಮೈಮೇಲೆ ಎಲೆಯೇ ಇರುವುದಿಲ್ಲ. ಮುತ್ತುಗ, ಬೂರುಗ ಬೇಸಿಗೆಯ ಬಾಯಲ್ಲೇ ಬೋಳು. ಗೋಡೆ ಕಾದು ಎ.ಸಿ. ಏದುಸಿರು ಬಿಡುವ ಹೊತ್ತಿಗೇ ಇವು ಕೈಕೊಡುತ್ತವೆ. ಇವನ್ನೆಲ್ಲ ಗೇಟಿನ ಬಳಿ ಹಾಕಿ, ನೋಡುವವರು ನೋಡಲಿ. ಪಶ್ಚಿಮಕ್ಕೆ ಹೊಂಗೆ ಅಥವಾ ಬೇವು ಸರಿ. ಎರಡೂ ಚಳಿಗಾಲ ಕಳೆಯುತ್ತಿದ್ದಂತೆ ಸ್ವಲ್ಪ ದಿನ ಎಲೆ ಉದುರಿಸಿ, ಬಿಸಿಲು ಏರುವಷ್ಟರಲ್ಲಿ ಮತ್ತೆ ಚಿಗುರಿ ನಿಂತಿರುತ್ತವೆ. ರಂಜ ವರ್ಷವಿಡೀ ಹಸಿರು, ಆದರೆ ಬೆಳವಣಿಗೆ ಬಹಳ ನಿಧಾನ. ಹೊಂಗೆಯ ನಡುನಡುವೆ ನೆಟ್ಟರೆ ಮುಂದೆ ಉಪಯೋಗಕ್ಕೆ ಬರುತ್ತದೆ. ಇಲ್ಲಿನ ನರ್ಸರಿಗಳಲ್ಲಿ ಹೊಂಗೆಗೆ ಕರಂಜ್ ಎಂದೂ ರಂಜಕ್ಕೆ ಬಕುಳ ಎಂದೂ ಕೇಳಿ. ಗುಲ್‌ಮೊಹರ್ ಎಲ್ಲೂ ಬೇಡ, ಮುಂಗಾರಿಗೆ ಮುಂಚಿನ ಗಾಳಿಗೆ ಅದರ ಕೊಂಬೆ ಮುರಿದು ಕೆಳಗೆ ನಿಂತ ಗಾಡಿಗಳ ಮೇಲೆ ಬೀಳುತ್ತದೆ.

ಮರ ಎಷ್ಟು ಗೋಡೆ ಕಾಯುತ್ತದೆ ಎಂಬುದನ್ನೂ ಅಳೆದು ನೋಡಿ. ಅಗ್ನಿಶಾಮಕ ವಾಹನಕ್ಕೆ 6 ಮೀಟರ್ ದಾರಿ ಬಿಟ್ಟರೆ ಮರದ ಬುಡ ಗೋಡೆಯಿಂದ 7 ಮೀಟರ್ ದೂರಕ್ಕೆ ಹೋಗುತ್ತದೆ. ಮೇ ಮಧ್ಯದಲ್ಲಿ ಸಂಜೆ 4ಕ್ಕೆ ಸೂರ್ಯನ ಎತ್ತರ ಸುಮಾರು 41 ಡಿಗ್ರಿ, 5ಕ್ಕೆ 27. ಎಂಟು ಮೀಟರ್ ಎತ್ತರದ ಮರವಾದರೆ ಅದರ ನೆರಳು 4ಕ್ಕೆ ಗೋಡೆಯ ಮೇಲೆ ಎರಡು ಮೀಟರಿಗೂ ಏರುವುದಿಲ್ಲ, 5ಕ್ಕೆ ನಾಲ್ಕೂವರೆ ಮೀಟರ್. ಅಂದರೆ ನೆಲಮಹಡಿ ಮತ್ತು ಅದರ ಮುಂದಿನ ಕಾದ ಡಾಂಬರು ಮರದ ಪಾಲಿಗೆ. ಮೇಲಿನ ಮಹಡಿಗಳನ್ನು ಬಿಸಿಲು ತಡೆಯಲು ಗೋಡೆಗೆ ಕೂರಿಸುವ ನಿಲುವು ಪಟ್ಟಿಗಳೋ ಬಳ್ಳಿಯೋ ನೋಡಿಕೊಳ್ಳಬೇಕು. ಬಳ್ಳಿಗೆ ಗೋಡೆಯಿಂದ ಅರ್ಧ ಮೀಟರ್ ಆಚೆ ಸ್ಟೀಲ್ ಕೇಬಲ್ ಎಳೆದು, ನೆಲದಲ್ಲೇ ಬೇರು ಬಿಡುವಂತೆ ರಂಗೂನ್ ಮಲ್ಲಿಗೆ ಹಬ್ಬಿಸಿ. ಪ್ಲಾಸ್ಟರಿಗೆ ಅಂಟಿಕೊಳ್ಳುವ ಬಳ್ಳಿ ಗೋಡೆ ಕೆಡಿಸುತ್ತದೆ. ಕುಂಡಗಳನ್ನು ಜೋಡಿಸಿ ಮಾಡುವ ‘ಹಸಿರು ಗೋಡೆ’ಯಂತೂ ಹನಿ ನೀರಿನ ಡ್ರಿಪ್ ಪೈಪು ಒಂದು ವಾರ ಕಟ್ಟಿಕೊಂಡರೆ ಕಂದು ಗೋಡೆ. ಸಾರ್ವಜನಿಕ ದುಡ್ಡಿನಲ್ಲಿ ಅಂಥದ್ದು ಬೇಡವೇ ಬೇಡ.

ದಕ್ಷಿಣಕ್ಕೆ ಲೆಕ್ಕ ತಿರುಗುಮುರುಗು. ಅಲ್ಲಿ ಮರದ ನೆರಳು ಛಾವಣಿಯ ಪ್ಯಾನೆಲ್ ಮೇಲೆ ಬೀಳಬಾರದು. ಬೆಳೆದ ಮರ ಪ್ಯಾನೆಲ್ ಮಟ್ಟಕ್ಕಿಂತ ಎಷ್ಟು ಮೇಲೆ ಹೋಗುತ್ತದೋ ಅದರ ಎರಡರಷ್ಟು ದೂರ ಇಟ್ಟರೆ ಡಿಸೆಂಬರ್‌ನಲ್ಲೂ ಬೆಳಗ್ಗೆ ಒಂಬತ್ತೂವರೆಯಿಂದ ಪ್ಯಾನೆಲ್‌ಗೆ ಪೂರ್ತಿ ಬಿಸಿಲು.

ಸಸಿ ಸಾಯುವುದು ಹೆಚ್ಚಾಗಿ ನೀರಿಲ್ಲದೆ ಅಲ್ಲ, ನೀರು ನಿಂತು. ಇಲ್ಲಿ ಮೇಲೆ ಒಂದಿಷ್ಟು ಎರೆ ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಕಪ್ಪು ಬಸಾಲ್ಟ್ ಕಲ್ಲು. ಕಲ್ಲಿನಲ್ಲಿ ಬ್ರೇಕರ್ ಹಾಕಿ ತೆಗೆದ ಒಂದು ಮೀಟರ್ ಘನದ ಕುಣಿ ಜುಲೈನಲ್ಲಿ ಬಾನಿಯಾಗುತ್ತದೆ. ಸಸಿಯ ಎಲೆ ಹಳದಿಯಾಗುತ್ತದೆ, ನೋಡಿದವರು ಗೊಬ್ಬರ ಸಾಲದೆಂದು ಯೂರಿಯಾ ಎರಚುತ್ತಾರೆ, ಆಗಸ್ಟ್‌ಗೆ ಅದು ಕೈಗೆ ಕಿತ್ತು ಬರುತ್ತದೆ. ಬೇರು ಮೂಸಿದರೆ ಕೊಳೆತ ವಾಸನೆ. ಪುಣೆಯ ಸೈಟುಗಳಲ್ಲಿ ಮಣ್ಣಿನ ಕೆಲಸಕ್ಕೆ ವಿಜಯಪುರ, ಕಲಬುರಗಿ ಕಡೆಯವರು ಬಹಳ ಮಂದಿ ಬರುತ್ತಾರೆ. “ಕಾಕಾ, ಕೆಳಗ ಏನೈತಿ?” ಎಂದು ಕೇಳಿ ನೋಡಿ. “ಗರಸಲ್ರೀ, ಹಾಸಗಲ್ಲ ಐತಿ” ಎಂದು ಹಾರೆಯ ಸದ್ದಿನಲ್ಲೇ ಹೇಳುತ್ತಾರೆ. ಖಾತ್ರಿ ಬೇಕಿದ್ದರೆ ಸಂಜೆ ಕುಣಿಯ ಅರ್ಧಕ್ಕೆ ನೀರು ತುಂಬಿಸಿ. ಬೆಳಗ್ಗೆ ಗೇಣುದ್ದ ನೀರು ಉಳಿದಿದ್ದರೆ ಅಲ್ಲಿ ಹಾಗೇ ನೆಡಬೇಡಿ. ಬಿಡಿ ಕುಣಿಗಳ ಬದಲು ಇಡೀ ಸಾಲಿಗೆ ಒಂದೇ ಕಾಲುವೆ ತೋಡಿ, ತಳಕ್ಕೆ ನೂರಕ್ಕೆ ಒಂದರ ಇಳಿಜಾರು ಕೊಟ್ಟು, ತಗ್ಗಿನ ತುದಿಯನ್ನು ಮಳೆನೀರಿನ ಹಳ್ಳಕ್ಕೆ ಬಿಡಿ. ಅದಾಗದಿದ್ದರೆ ಅರ್ಧ ಮೀಟರ್ ದಿಬ್ಬ ಮಾಡಿ ಅದರ ಮೇಲೆ ನೆಡಿ. ಅಗೆದ ಮಣ್ಣು ಎರಡು ಪಾಲು, ಹಳೆಯ ಕಾಂಪೋಸ್ಟ್ ಒಂದು ಪಾಲು ಸಾಕು. ಸಿಮೆಂಟು, ಸುಣ್ಣದ ಡೆಬ್ರಿಸ್ ಮಾತ್ರ ಸೇರಬಾರದು. ಮಣ್ಣು ಕ್ಷಾರವಾಗಿ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ನರ ಹಸಿರು, ಎಲೆ ಹಳದಿ ಆಗುತ್ತದೆ. ಪಾಯ ತೆಗೆಯುವ ಮುಂಚೆಯೇ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಸುವುದು ಇದಕ್ಕೇ.

ಈಗ ಲಾನ್. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಕಡಿಮೆಯೆಂದರೂ 5 ಲೀಟರ್. ಎರಡು ಸಾವಿರ ಚದರ ಮೀಟರಿನ ಲಾನ್ ಎಂದರೆ ದಿನಕ್ಕೆ 10,000 ಲೀಟರಿನ ಒಂದು ಟ್ಯಾಂಕರ್, ನೂರು ದಿನಕ್ಕೆ 10 ಲಕ್ಷ ಲೀಟರ್. ಪುಣೆಯ ವರ್ಷದ ಮಳೆ 700 ಮಿಲಿಮೀಟರ್ ಎಂದು ಹಿಡಿದರೂ ಸಾವಿರ ಚದರ ಮೀಟರ್ ಛಾವಣಿಯಿಂದ ಕೈಗೆ ಸಿಗುವುದು ಐದೂವರೆ ಲಕ್ಷದ ಆಸುಪಾಸು, ಅದೂ ನಾಲ್ಕು ತಿಂಗಳಲ್ಲಿ ಸುರಿದು ಹೋಗುವಂಥದ್ದು. ಅದೇ ನಲವತ್ತು ಎಳೆಯ ಮರಗಳಿಗೆ ವಾರಕ್ಕೆ ತಲಾ 40 ಲೀಟರ್ ಕೊಟ್ಟರೆ ಒಟ್ಟು 1,600 ಲೀಟರ್. ಎರಡು ಬೇಸಿಗೆ ದಾಟಿದರೆ ಹೊಂಗೆ, ಬೇವಿಗೆ ಅದೂ ಬೇಡ. ಧ್ವಜಸ್ತಂಭದ ಸುತ್ತ ಒಂದು ತುಂಡು ಗರಿಕೆ ಇರಲಿ. ಉಳಿದ ಕಡೆ ಲಕ್ಕಿ, ಆಡುಸೋಗೆಯಂಥ ಪೊದೆಗಳು, ಇಳಿಜಾರಿನಲ್ಲಿ ಲಾವಂಚ.

ಮರಕ್ಕೆ ಗಂಟೆಗೆ 4 ಲೀಟರಿನ ನಾಲ್ಕು ಡ್ರಿಪ್ಪರ್ ಹಾಕಿ ಎರಡೂವರೆ ಗಂಟೆ ಬಿಟ್ಟರೆ 40 ಲೀಟರ್ ಆಯಿತು. ಮರ ಹರಡಿದಂತೆ ಡ್ರಿಪ್ಪರ್ ಕೂಡ ಹೊರಕ್ಕೆ ಸರಿಯಬೇಕು. ಬುಡದಲ್ಲೇ ಉಳಿದರೆ ಬೇರು ಅಲ್ಲೇ ಸುತ್ತಿಕೊಳ್ಳುತ್ತದೆ. ಒಣ ಎಲೆಯ ಹೊದಿಕೆ ನಾಲ್ಕು ಬೆರಳು ದಪ್ಪ ಇರಲಿ, ಕಾಂಡದಿಂದ ಒಂದು ಗೇಣು ದೂರ, ಇಲ್ಲದಿದ್ದರೆ ಗೆದ್ದಲು. ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕದ ನೀರಾದರೆ ಡಿಸ್ಕ್ ಫಿಲ್ಟರ್ ಕಡ್ಡಾಯ, ತಿಂಗಳಿಗೊಮ್ಮೆ ಪೈಪಿನ ತುದಿ ಬಿಚ್ಚಿ ನೀರು ಹಾಯಿಸಬೇಕು. ಆ ನೀರಿನಲ್ಲಿರುವ ಉಪ್ಪು ಎರೆ ಮಣ್ಣಿಗೆ ಶತ್ರು: ಸೋಡಿಯಂ ಸೇರಿದರೆ ಮಣ್ಣು ಕಟ್ಟಿಕೊಂಡು ನೀರು ಇಳಿಯುವುದೇ ನಿಲ್ಲುತ್ತದೆ. ಗಡಸು ನೀರನ್ನು ಮೆದುವಾಗಿಸುವ ವಾಟರ್ ಸಾಫ್ಟ್ನರ್ ತೊಳೆದ ಉಪ್ಪುನೀರನ್ನು ಎಸ್‌ಟಿಪಿಗೆ ಬಿಡುವ ಪೈಪು ಇದೆಯೇ ಎಂದು ಮೊದಲು ಹುಡುಕಿ. ಮೇ ಕೊನೆಗೆ ಜಿಪ್ಸಂ ಹಾಕಿದರೆ ಮುಂಗಾರು ಉಪ್ಪನ್ನು ಕೆಳಗೆ ತೊಳೆಯುತ್ತದೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಉಪ್ಪಿಲ್ಲದ್ದು, ಒಳ್ಳೆಯದೇ, ಆದರೆ ಅದು ಹೆಚ್ಚು ಸಿಗುವುದು ಮಳೆಗಾಲದಲ್ಲಿ. ಅದನ್ನೇ ನಂಬಿ ತೋಟ ಮಾಡಲಾಗದು.

ಪುಣೆಯ ಕಚೇರಿ ಎಂದ ಮೇಲೆ ದ್ವಿಚಕ್ರ ವಾಹನದ ಪಾರ್ಕಿಂಗೇ ದೊಡ್ಡದು. ಅಲ್ಲಿ ಹುಲ್ಲು ಬೆಳೆಯುವ ತೂತಿನ ಪೇವರ್ ಹಾಕುತ್ತಾರೆ, ಸೈಡ್ ಸ್ಟ್ಯಾಂಡ್ ತೂತಿನೊಳಗೆ ಇಳಿದು ಒಂದು ಗಾಡಿ ವಾಲಿದರೆ ಸಾಲಿಗೆ ಸಾಲೇ ಮಲಗುತ್ತದೆ. ಸ್ಟ್ಯಾಂಡ್ ಊರುವ ಕಡೆ ಎರಡಡಿ ಗಟ್ಟಿ ಕಲ್ಲಿನ ಪಟ್ಟಿ ಕೊಟ್ಟು, ಉಳಿದದ್ದಕ್ಕೆ ಸಂದಿಯಲ್ಲಿ ನೀರು ಇಂಗುವ ಪೇವರ್ ಹಾಕಿ. ನೇರಳೆ ಮರ ಇಲ್ಲಿ ಬೇಡ, ಸೀಟೆಲ್ಲ ಕಲೆ.

ಟೆಂಡರ್‌ನಲ್ಲಿ ಎರಡು ಮಾತು ಬರೆಸಿ. ಪಶ್ಚಿಮದ ಸಸಿಗಳನ್ನು ಪಾಯದ ವರ್ಷವೇ ಬೇಲಿ ಹಾಕಿ ನೆಡಬೇಕು. ನಿರ್ವಹಣೆಯ ಬಿಲ್ಲು ನೆಟ್ಟ ಸಸಿಗಳ ಲೆಕ್ಕದಲ್ಲಲ್ಲ, ಎರಡನೆಯ ಬೇಸಿಗೆಯ ಕೊನೆಗೆ ಬದುಕಿರುವ ಮರಗಳ ಲೆಕ್ಕದಲ್ಲಿ ಪಾಸಾಗಬೇಕು. ಜಾಗದಲ್ಲಿ ಮೊದಲೇ ಇರುವ ಮರಗಳಿಗೆ ಮಹಾರಾಷ್ಟ್ರದ 1975ರ ಮರ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ, ಕಡಿಯಲು ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ಆದ್ದರಿಂದ ಸರ್ವೆಯ ದಿನವೇ ಅವುಗಳಿಗೆ ನಂಬರ್ ಬರೆಸಿ, ಕಟ್ಟಡದ ಗೆರೆ ಆಮೇಲೆ ಎಳೆಯಲಿ.